ನಿಂತು ನೋಡುವ ಮೊದಲ ಶೋ: ಕಾರವಾರದ ಕಡಲತೀರವೋ, ಗೋವೆಯೋ, ಬೆಂಗಳೂರೋ?

ಡಿಸೆಂಬರ್ ಹತ್ತಿರ ಬರುತ್ತಿದ್ದ ಹಾಗೆ ನಮ್ಮ ಉತ್ತರ ಕನ್ನಡ ಕಡೆಯ ಹುಡುಗ ಹುಡುಗಿಯರಿಂದ ಒಂದೇ ನಮೂನೆಯ ಪ್ರಶ್ನೆ ಬರುತ್ತದೆ. ಕುಮಟಾದವರು ಕೇಳುತ್ತಾರೆ, ಶಿರಸಿಯವರು ಕೇಳುತ್ತಾರೆ, ದಾಂಡೇಲಿಯವರೂ ಕೇಳುತ್ತಾರೆ. "ಇಷ್ಟು ವರ್ಷ ಮೊಬೈಲಿನಲ್ಲೇ ನೋಡಿದ್ದಾಯ್ತು. ಒಂದು ಲೈವ್ ಕಾನ್ಸರ್ಟ್‌ಗೆ ಹೋಗಬೇಕು. ಎಲ್ಲಿಗೆ ಹೋಗಲಿ? ಅಲ್ಲಿ ನಿಂತುಕೊಂಡೇ ನೋಡಬೇಕಂತೆ, ಹೌದಾ?" ಕೆಲವರ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಅವರ ಪ್ರಶ್ನೆ ಇನ್ನೂ ಚಿಕ್ಕದು: "ಕಳಿಸಬಹುದಾ?"

ರಾತ್ರಿ ನಿದ್ದೆಗೆಟ್ಟು ನೋಡುವುದು ನಮ್ಮ ಜಿಲ್ಲೆಯವರಿಗೆ ಹೊಸತಲ್ಲ. ಬೆಳಗಾಗುವ ತನಕ ಯಕ್ಷಗಾನ ನೋಡಿದವರ ಮಕ್ಕಳು, ಮೊಮ್ಮಕ್ಕಳು ನಾವು. ಆದರೆ ಅಲ್ಲಿ ಕೂರಲು ಜಾಗ ಉಂಟು. ಟೆಂಟಿನ ಆಟದಲ್ಲಿ ನೆಲಕ್ಕೊಂದು ದರ, ಖುರ್ಚಿಗೊಂದು ದರ. ತೂಕಡಿಕೆ ಬಂದರೆ ಅಲ್ಲೇ ಒರಗಿದರಾಯಿತು. ಊರಿನ ರಸಮಂಜರಿಗೂ ಖುರ್ಚಿ ಹಾಕಿರುತ್ತಾರೆ. ಸ್ಟ್ಯಾಂಡಿಂಗ್ ಶೋದಲ್ಲಿ ಖುರ್ಚಿಯೇ ಇಲ್ಲ, ಟಿಕೆಟ್ ಮೇಲೆ ಸೀಟ್ ನಂಬರ್ ಇಲ್ಲ. ಮೊದಲು ಬಂದವರು ಮುಂದೆ. ಗೇಟ್ ತೆಗೆಯುವುದು ಸಂಜೆ ನಾಲ್ಕಕ್ಕಾದರೆ ನೀವು ಕಾಯುತ್ತಿರುವ ಹಾಡುಗಾರ ಬರುವುದು ಎಂಟಕ್ಕೆ. ನಡುವಿನ ನಾಲ್ಕು ತಾಸು ನಿಮ್ಮ ಕಾಲೇ ನಿಮಗೆ ಗತಿ.

ಹಾಗಾಗಿ ಯಾರು ಹಾಡುತ್ತಾರೆ ಎನ್ನುವುದನ್ನು ಸ್ವಲ್ಪ ಬದಿಗಿಡಿ. ಮೊದಲ ಸಲ ಹೋಗುವವರು ನೋಡಬೇಕಾದ್ದು ಬೇರೆಯೇ ಇದೆ.

ಯಾವುದನ್ನು ತೂಗಿ ನೋಡಬೇಕು?

ಎಲ್ಲಕ್ಕಿಂತ ಮೊದಲು, ಮನೆಗೆ ಬರುವ ದಾರಿ. ಹೋಗುವುದು ಯಾವಾಗಲೂ ಸುಲಭ. ರಾತ್ರಿ ಹತ್ತರ ಮೇಲೆ ಸಾವಿರಾರು ಜನ ಒಂದೇ ಗೇಟಿನಿಂದ ಹೊರಗೆ ಬಂದಾಗ ನಿಮಗೆ ಬಸ್ ಇದೆಯಾ, ರೈಲು ಇದೆಯಾ, ಮಲಗಲು ಜಾಗ ಇದೆಯಾ? ಇದಕ್ಕೆ ಉತ್ತರ ಸಿಗುವ ತನಕ ಟಿಕೆಟ್ ತೆಗೆಯಬೇಡಿ.

ಹತ್ತು ಗಂಟೆ ಎಂದು ಸುಮ್ನೆ ಹೇಳಿದ್ದಲ್ಲ. 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಉತ್ಸವಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರ ತನಕ ಸಡಿಲಿಕೆ ಕೊಡಬಹುದು. ಅದಕ್ಕೇ ಟಿಕೆಟ್ ಇಟ್ಟು ಮಾಡುವ ಬಯಲಿನ ಶೋಗಳು ಹೆಚ್ಚಾಗಿ ಹತ್ತರೊಳಗೆ ಮುಗಿಯುತ್ತವೆ. ಸರ್ಕಾರಿ ಉತ್ಸವಗಳು ಹತ್ತು ದಾಟುವುದೂ ಉಂಟು. ನಿಮ್ಮ ವಾಪಸ್ ಪ್ರಯಾಣದ ಲೆಕ್ಕ ಇಲ್ಲಿಂದಲೇ ಶುರುವಾಗಬೇಕು.

ಎರಡನೆಯದು, ಬೇಡ ಅನ್ನಿಸಿದರೆ ನಡುವೆಯೇ ಹೊರಬರಲು ಆಗುತ್ತದಾ? ಇದನ್ನು ಯಾರೂ ಯೋಚಿಸುವುದಿಲ್ಲ. ಗದ್ದಲ ಕೆಲವರಿಗೆ ಆಗಿಬರುವುದಿಲ್ಲ. ತಲೆ ಸಿಡಿಯುತ್ತದೆ, ಉಸಿರು ಕಟ್ಟಿದ ಹಾಗಾಗುತ್ತದೆ. ಅದು ನಿಮಗೆ ಒಗ್ಗುತ್ತದೋ ಇಲ್ಲವೋ ಎಂದು ಒಮ್ಮೆ ಹೋಗಿ ನಿಲ್ಲುವ ತನಕ ಗೊತ್ತಾಗುವುದಿಲ್ಲ. ಅಂಥ ಪರೀಕ್ಷೆಯನ್ನು ಮನೆಯಿಂದ ಐನೂರು ಕಿಲೋಮೀಟರ್ ದೂರದಲ್ಲಿ, ಆರು ಸಾವಿರದ ಟಿಕೆಟ್ ಹಿಡಿದುಕೊಂಡು ಮಾಡಬೇಕಾ?

ಆಮೇಲೆ ದುಡ್ಡು, ಜೊತೆಗೆ ಬರುವವರು, ಕಾಲಡಿಯ ನೆಲ, ಸೌಂಡ್. ನೆಲದ ಮಾತು ಕೇಳಿ ನಗಬೇಡಿ, ಮುಂದೆ ಹೇಳುತ್ತೇನೆ.

ಕಾರವಾರದ ಕಡಲತೀರ

ಕರಾವಳಿ ಉತ್ಸವ ನಡೆಯುವ ವರ್ಷ ರವೀಂದ್ರನಾಥ ಟ್ಯಾಗೋರ್ ತೀರದ ಮಯೂರವರ್ಮ ವೇದಿಕೆಯೇ ನಮ್ಮ ಜಿಲ್ಲೆಯ ದೊಡ್ಡ ಸ್ಟೇಜ್. ಜಿಲ್ಲಾಡಳಿತ ನಡೆಸುವ ಕಾರ್ಯಕ್ರಮ, ಟಿಕೆಟ್ ಇಲ್ಲ. ಸಿನಿಮಾ ಹಾಡುಗಾರರು ಬರುತ್ತಾರೆ, ಮುಂಬೈ ಕಡೆಯವರೂ ಬರುತ್ತಾರೆ. ಆದರೆ ಇದು ಪ್ರತಿವರ್ಷ ತಪ್ಪದೆ ನಡೆಯುವ ಉತ್ಸವವಲ್ಲ. ತಾರೀಕು ಖಚಿತವಾಗುವುದೂ ತಡವಾಗಿಯೇ. ಈ ಉತ್ಸವವನ್ನೇ ನಂಬಿ ರಜೆ ಹಾಕಿಕೊಳ್ಳುವ ಮೊದಲು ಜಿಲ್ಲಾಡಳಿತದ ಪ್ರಕಟಣೆ ನೋಡಿ.

ಇಲ್ಲಿ ಮುಂದಿನ ಸಾಲು ನಿಮ್ಮದಲ್ಲ. ಸೋಫಾ, ಅದರ ಹಿಂದೆ ಪಾಸ್ ಇದ್ದವರ ಖುರ್ಚಿ, ಅದರ ಹಿಂದೆ ಬ್ಯಾರಿಕೇಡ್, ಆಮೇಲೆ ನಾವು. ಎಂಟು ಗಂಟೆಯ ತನಕ ಭಾಷಣ, ಸನ್ಮಾನ, ಶಾಲು, ಹಾರ. ಸ್ಟಾರ್ ಹಾಡುಗಾರ ಬರುವಾಗ ಒಂಬತ್ತಾದರೂ ಆಶ್ಚರ್ಯವಿಲ್ಲ. ವೇದಿಕೆ ದೂರ, ಪರದೆಯನ್ನೇ ನೋಡಬೇಕು. ಗಾಳಿ ಬೀಸಿದಾಗ ಸೌಂಡ್ ಒಮ್ಮೆ ಹತ್ತಿರ ಬರುತ್ತದೆ, ಒಮ್ಮೆ ಎತ್ತಲೋ ಹೋಗುತ್ತದೆ.

ಇಷ್ಟೆಲ್ಲ ಕುಂದು ಹೇಳಿಯೂ ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಇದನ್ನೇ. ಯಾಕೆಂದರೆ ಹಿಂದುಗಡೆ ಬೇಲಿಯಿಲ್ಲ. ಬೇಸರ ಬಂತಾ, ನಾಲ್ಕು ಹೆಜ್ಜೆ ಹಿಂದೆ ಬಂದು ಮರಳಿನಲ್ಲಿ ಕೂತುಬಿಡಿ. ಹಸಿವಾಯ್ತಾ, ಮಿರ್ಚಿ ಬಜ್ಜಿ, ಗೋಬಿ ಮಂಚೂರಿ ಅಲ್ಲೇ ಸಿಗುತ್ತದೆ. ಮ್ಯೂಸಿಯಂ ಮಾಡಿ ದಡದಲ್ಲಿ ನಿಲ್ಲಿಸಿದ ಚಾಪಲ್ ಯುದ್ಧನೌಕೆ ಪಕ್ಕದಲ್ಲೇ ಇದೆ. ಜೊತೆಯವರು ಚದುರಿದರೆ ಎಲ್ಲಿ ಸಿಗಬೇಕು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗುರುತು ಬೇಕಾ? ಅಪ್ಪ ಅಮ್ಮ, ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವಂಥ ನಿಲ್ಲುವ ಶೋ ಈ ಪಟ್ಟಿಯಲ್ಲಿ ಇದೊಂದೇ.

ಈಗ ನೆಲದ ಮಾತು. ಮರಳಿನಲ್ಲಿ ನಿಲ್ಲುವುದೆಂದರೆ ಸಿಮೆಂಟ್ ನೆಲದಲ್ಲಿ ನಿಂತ ಹಾಗಲ್ಲ. ಪಾದ ಹೂತುಹೋಗುತ್ತಾ ಇರುತ್ತದೆ, ಮೀನಖಂಡ ಬೇಗ ಸೋಲುತ್ತದೆ. ಶೂ ಹಾಕಿದರೆ ಒಳಗೆಲ್ಲ ಮರಳು. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಒಳ್ಳೆಯದು. ಬರೀ ಹವಾಯಿ ಹಾಕಿಕೊಂಡು ಬಂದವರನ್ನು ಕಾರ್ಯಕ್ರಮ ಮುಗಿದ ಮೇಲೆ ನೋಡಬೇಕು. ಮೊಬೈಲ್ ಟಾರ್ಚ್ ಹಿಡಿದು, ಬಗ್ಗಿ, ಎಡಗಾಲಿನದು ಸಿಕ್ಕಿತು ಬಲಗಾಲಿನದು ಎಲ್ಲಿ ಎಂದು ಹುಡುಕುತ್ತಿರುತ್ತಾರೆ.

ವಾಪಸ್ ಬರುವುದು ಕಾರವಾರ ಪೇಟೆಯವರಿಗೆ ನಡೆಯುವಷ್ಟೇ. ಬಸ್‌ಸ್ಟ್ಯಾಂಡೂ ಹತ್ತಿರ. ಅಂಕೋಲಾ, ಕುಮಟಾ ಕಡೆಯವರಿಗೆ ಆ ಹೊತ್ತಿಗೆ ಟೆಂಪೋ ಇರುವುದಿಲ್ಲ. ನಾಲ್ಕೈದು ಜನ ಸೇರಿ ಒಂದು ಗಾಡಿ ಮಾಡಿಕೊಳ್ಳಿ. ರೈಲು ನಂಬಿದವರು ನೆನಪಿಡಿ, ಸ್ಟೇಷನ್ ಇರುವುದು ಪೇಟೆಯಲ್ಲಲ್ಲ, ಶಿರವಾಡದಲ್ಲಿ. ರಾತ್ರಿ ಅಲ್ಲಿಗೆ ಹೋಗಲು ರಿಕ್ಷಾ ಮೊದಲೇ ಹೇಳಿಟ್ಟಿರಬೇಕು.

ಶಿರಸಿ, ಸಿದ್ದಾಪುರ, ಮುಂಡಗೋಡದವರು ಇದೇ ಲೆಕ್ಕವನ್ನು ಬನವಾಸಿಯ ಕದಂಬೋತ್ಸವಕ್ಕೂ ಹಾಕಿಕೊಳ್ಳಬಹುದು. ಶಿರಸಿಯಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಅದೂ ಟಿಕೆಟ್ ಇಲ್ಲದ ಸರ್ಕಾರಿ ಉತ್ಸವ, ಅಲ್ಲೂ ಮುಂದೆ ಖುರ್ಚಿ, ಹಿಂದೆ ನಿಂತ ಜನ. ಘಟ್ಟ ಇಳಿದು ಕಾರವಾರಕ್ಕೆ ಹೋಗಿ ನಡುರಾತ್ರಿ ಮತ್ತೆ ಘಟ್ಟ ಹತ್ತುವುದಕ್ಕಿಂತ ಇದು ಎಷ್ಟೋ ವಾಸಿ.

ಗೋವೆ

ಕಾರವಾರದವರಿಗೆ ಬೆಂಗಳೂರಿಗಿಂತ ಗೋವೆ ಹತ್ತಿರ, ಅದರಲ್ಲಿ ಮಾತಿಲ್ಲ. ಮಡಗಾಂವ್ ಎಪ್ಪತ್ತು ಕಿಲೋಮೀಟರ್ ಆಸುಪಾಸು, ಪಣಜಿ ನೂರರ ಸುಮಾರು. ಆದರೆ "ಗೋವಾದಲ್ಲಿ ಶೋ" ಎಂದ ಕೂಡಲೇ ಹತ್ತಿರ ಅಂದುಕೊಳ್ಳಬೇಡಿ. ದೊಡ್ಡ ಶೋಗಳೆಲ್ಲ ಹೆಚ್ಚಾಗಿ ಉತ್ತರ ಗೋವೆಯಲ್ಲಿ. ಸನ್‌ಬರ್ನ್ ಎಂಬ ಡಿಜೆ ಸಂಗೀತದ ಹಬ್ಬ 2007ರಲ್ಲಿ ಗೋವೆಯಲ್ಲಿ ಶುರುವಾಯಿತು, 2016ರಲ್ಲಿ ಪುಣೆಗೆ ಹೋಯಿತು, ಮತ್ತೆ ಗೋವೆಗೆ ಬಂತು. 2024ರಲ್ಲಿ ಪೆಡ್ನೆ ಕಡೆಯ ಧಾರ್ಗಳದಲ್ಲಿ ನಡೆಯಿತು, 2025ಕ್ಕೆ ಮುಂಬೈ ಪಾಲಾಯಿತು. ಗೆಳೆಯ ಹೋದ ವರ್ಷ ಹೋಗಿ ಬಂದ ಜಾಗದಲ್ಲೇ ಈ ವರ್ಷವೂ ಇರುತ್ತದೆ ಅನ್ನುವ ಹಾಗಿಲ್ಲ.

ಅಂಥ ಡಿಜೆ ಹಬ್ಬಗಳು ಮೊದಲ ಸಲಕ್ಕೆ ನನಗೆ ಸರಿ ಕಾಣುವುದಿಲ್ಲ. ಮೂರು ದಿನ, ದಿನಕ್ಕೆ ಆರೇಳು ತಾಸು ನಿಲ್ಲಬೇಕು. ಡಿಸೆಂಬರ್ ಕೊನೆಗೆ ಗೋವೆಯಲ್ಲಿ ರೂಮಿನ ಬಾಡಿಗೆ ಕೇಳಿದರೆ ಟಿಕೆಟ್ಟೇ ಅಗ್ಗ ಅನ್ನಿಸುತ್ತದೆ. ಓಲಾ, ಊಬರ್ ಅಲ್ಲಿ ಓಡುವುದಿಲ್ಲ. ರಾತ್ರಿ ಟ್ಯಾಕ್ಸಿಯವರು ಹೇಳಿದ್ದೇ ರೇಟು.

ಗೋವೆಗೇ ಹೋಗಬೇಕೆಂದಿದ್ದರೆ ಡಿಸೆಂಬರ್‌ನಲ್ಲಿ ಪಣಜಿಯ ಸೆರೆಂಡಿಪಿಟಿ ಕಲೋತ್ಸವ ನೋಡಿ. 2016ರಿಂದ ನಡೆಯುತ್ತಿದೆ. ಹೆಸರು ನೋಂದಾಯಿಸಿದರೆ ಪ್ರವೇಶಕ್ಕೆ ದುಡ್ಡಿಲ್ಲ. ಸಂಜೆ ಸಂಗೀತ ಇರುತ್ತದೆ, ಹಗಲಲ್ಲಿ ಚಿತ್ರ, ನಾಟಕ. ನೂಕುನುಗ್ಗಲು ಕಡಿಮೆ. ಒಂದು ಸಂಗೀತ ಸಂಜೆಗಾಗಿ ಇಡೀ ದಿನ ವ್ಯರ್ಥವಾಯಿತು ಅನ್ನಿಸುವುದಿಲ್ಲ.

ಸ್ವಂತ ಗಾಡಿಯಲ್ಲಿ ಹೋಗುವವರಿಗೆ ಎರಡು ಮಾತು. ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದ ಮೇಲೆ ಹೊಸ ಸೇತುವೆಯ ಮೇಲೇ ಎರಡೂ ಕಡೆಯ ಓಡಾಟ ಶುರುವಾಯಿತು, ಹಾಗಾಗಿ ಸ್ವಲ್ಪ ಜಾಸ್ತಿ ಸಮಯ ಇಟ್ಟುಕೊಳ್ಳಿ. ಕಾಣಕೋಣದಿಂದ ಆಚೆಗಿನ ಕರಮಲ ಘಾಟಿನ ತಿರುವುಗಳು ನಡುರಾತ್ರಿಯಲ್ಲಿ ನಿದ್ದೆಗಣ್ಣಿನವರಿಗೆ ಹೇಳಿದ್ದಲ್ಲ. ಗಾಡಿ ಬಿಡುವವನು ಒಂದು ಹನಿಯೂ ಕುಡಿಯಬಾರದು, ಇದರಲ್ಲಿ ರಿಯಾಯಿತಿ ಇಲ್ಲ. ಬಾಟಲಿ ತರುವ ಆಸೆಯೂ ಬೇಡ, ಮಾಜಾಳಿ ಚೆಕ್‌ಪೋಸ್ಟ್‌ನಲ್ಲಿ ಅಬಕಾರಿಯವರು ಡಿಕ್ಕಿ ತೆಗೆಸಿ ನೋಡುತ್ತಾರೆ.

ಬೆಂಗಳೂರು

ನೀವು ಕೇಳಬೇಕೆಂದಿರುವ ಹಾಡುಗಾರ ಉತ್ಸವಕ್ಕೆ ಬರುವಂಥವನಲ್ಲ, ವಿದೇಶದವನು ಅಂದರೆ ಬೇರೆ ದಾರಿಯಿಲ್ಲ. ಅಮೆರಿಕದ ಮೆಟಾಲಿಕಾ ಬ್ಯಾಂಡಿನವರು 2011ರಲ್ಲಿ ಬಂದಾಗ ಅರಮನೆ ಮೈದಾನದಲ್ಲಿ ನುಡಿಸಿದರು. ಎಡ್ ಶೀರನ್ 2025ರ ಫೆಬ್ರವರಿಯಲ್ಲಿ ತುಮಕೂರು ರಸ್ತೆ ಕಡೆಯ ನೈಸ್ ಮೈದಾನದಲ್ಲಿ ಹಾಡಿದರು. ಈಗ ದೊಡ್ಡ ಶೋ ಎಂದರೆ ಹೆಚ್ಚಾಗಿ ಊರ ಹೊರಗಿನ ಇಂಥ ಬಯಲೇ.

ನಮ್ಮ ಕಡೆಯವರಿಗೆ ಇದರಲ್ಲೊಂದು ಅನುಕೂಲ ಇದೆ, ಬಹಳ ಜನ ಗಮನಿಸಿಲ್ಲ. ಕಾರವಾರದಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಗ್ಗೆ ಯಶವಂತಪುರ ಮುಟ್ಟಿಸುತ್ತದೆ. ಯಶವಂತಪುರ ಹಸಿರು ಮಾರ್ಗದ ಮೆಟ್ರೋ ನಿಲ್ದಾಣವೂ ಹೌದು. ಅದೇ ಮಾರ್ಗ 2024ರ ನವೆಂಬರ್‌ನಿಂದ ಮಾದಾವರದ ತನಕ ಹೋಗುತ್ತದೆ, ನೈಸ್ ಮೈದಾನ ಅಲ್ಲೇ ಹತ್ತಿರ. ಅಂದರೆ ಮೆಜೆಸ್ಟಿಕ್ ನೋಡದೆ, ಊರೊಳಗಿನ ಟ್ರಾಫಿಕ್ಕಿಗೆ ಸಿಗದೆ ಹೋಗಿ ಬರಬಹುದು. ರೂಮನ್ನೂ ಯಶವಂತಪುರ, ಪೀಣ್ಯ, ದಾಸರಹಳ್ಳಿ ಕಡೆಯೇ ಮಾಡಿ. ಇಂದಿರಾನಗರದ ನೆಂಟರ ಮನೆಗಿಂತ ಮೆಟ್ರೋ ಪಕ್ಕದ ಲಾಡ್ಜ್ ಆ ರಾತ್ರಿ ಹೆಚ್ಚು ಉಪಕಾರ ಮಾಡುತ್ತದೆ. ಕೊನೆಯ ಮೆಟ್ರೋ ಎಷ್ಟಕ್ಕೆ ಎಂದು ಹೋಗುವಾಗಲೇ ನೋಡಿಕೊಳ್ಳಿ. ವಾಪಸ್ ಟಿಕೆಟ್ಟನ್ನು ಅಥವಾ ಕಾರ್ಡನ್ನು ಆಗಲೇ ಇಟ್ಟುಕೊಳ್ಳಿ, ರಾತ್ರಿ ಕೌಂಟರ್ ಮುಂದೆ ಮೈಲುದ್ದ ಸಾಲು.

ಆದರೆ ದಿನದ ಲೆಕ್ಕ ಹಾಕಿ. ಶೋ ಮುಗಿಯುವುದು ಹತ್ತಕ್ಕೆ. ವಾಪಸ್ ಪಂಚಗಂಗಾ ಆ ಸಂಜೆಯೇ ಹೊರಟುಹೋಗಿರುತ್ತದೆ. ಕಾರವಾರ, ಶಿರಸಿ ಕಡೆಯ ರಾತ್ರಿ ಬಸ್ಸುಗಳಲ್ಲೂ ಹೆಚ್ಚಿನವು ಹೊರಟಾಗಿರುತ್ತದೆ. ಅಂದರೆ ಒಂದು ರಾತ್ರಿ ಉಳಿಯಲೇಬೇಕು. ಶನಿವಾರದ ಶೋ ಆದರೆ ಶುಕ್ರವಾರ ಸಂಜೆ ಹೊರಟು ಸೋಮವಾರ ಬೆಳಗ್ಗೆ ಊರಿಗೆ. ಭಾನುವಾರದ ಶೋ ಆದರೆ ಸೋಮವಾರ ಅಲ್ಲೇ ಕಳೆದು ಮಂಗಳವಾರ ಬೆಳಗ್ಗೆ. ಎರಡೂ ದಿನ ಶೋ ಇದ್ದರೆ ನಮ್ಮವರು ಕಣ್ಣುಮುಚ್ಚಿ ಶನಿವಾರದ್ದು ತೆಗೆದುಕೊಳ್ಳಬೇಕು. ರೈಲ್ವೆ ಬುಕಿಂಗ್ ತೆರೆಯುವುದು 60 ದಿನ ಮೊದಲು. ದೊಡ್ಡ ಶೋಗಳ ತಾರೀಕು ಅದಕ್ಕೂ ಮೊದಲೇ ಗೊತ್ತಾಗಿರುತ್ತದೆ, ಆ ಬೆಳಗ್ಗೆಯೇ ಕೂತು ತೆಗೆದುಬಿಡಿ.

ಖರ್ಚು? ಟಿಕೆಟ್ ಒಂದೇ ಅಲ್ಲ. ಅದರ ಮೇಲೆ ಜಿಎಸ್‌ಟಿ, ಬುಕಿಂಗ್ ಶುಲ್ಕ. ಆಮೇಲೆ ಹೋಗಿ ಬರುವ ರೈಲು, ಒಂದು ರಾತ್ರಿ ರೂಮು, ಒಳಗೆ ಮೂರು ಪಟ್ಟು ರೇಟಿನ ನೀರು ಮತ್ತು ತಿಂಡಿ. ವಿದೇಶಿ ಹಾಡುಗಾರರ ದರದ ಅಂದಾಜು ಬೇಕಾದರೆ, 2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ನವಿ ಮುಂಬೈಗೆ ಬಂದಾಗ ನಿಲ್ಲುವ ಟಿಕೆಟ್ 6,450 ರೂಪಾಯಿ, ಕೂರುವ ಟಿಕೆಟ್ 2,500ರಿಂದ ಶುರು. ಗಮನಿಸಿದಿರಾ? ಕ್ರೀಡಾಂಗಣದಲ್ಲಿ ಅಗ್ಗದ ಸೀಟಿಗಿಂತ ನಿಲ್ಲುವ ಜಾಗವೇ ದುಬಾರಿ, ಯಾಕೆಂದರೆ ಅದು ವೇದಿಕೆಯ ಮುಂದಿನ ಮೈದಾನ. ಬಯಲಿನ ಶೋದಲ್ಲಿ ಉಲ್ಟಾ, ನಿಲ್ಲುವುದೇ ಅಗ್ಗದ ಟಿಕೆಟ್. ಹಾಗಾಗಿ ಟಿಕೆಟ್ ತೆಗೆಯುವ ಮೊದಲು ಆ್ಯಪ್‌ನಲ್ಲಿರುವ ಮೈದಾನದ ನಕ್ಷೆ ನೋಡಿ.

ಬೆಂಗಳೂರಿನ ಪಬ್‌ಗಳಲ್ಲಿ ಇನ್ನೂರು ಮುನ್ನೂರು ಜನರ ಚಿಕ್ಕ ಶೋಗಳೂ ಇರುತ್ತವೆ. ಹಾಡುಗಾರನ ಬೆವರು ಕಾಣುವಷ್ಟು ಹತ್ತಿರ, ಟಿಕೆಟ್ಟೂ ಕಡಿಮೆ. ಆದರೆ ಹಲವು ಕಡೆ 21 ದಾಟಿರಬೇಕು. ಓದುತ್ತಲೋ ಕೆಲಸ ಮಾಡುತ್ತಲೋ ಅಲ್ಲೇ ಇರುವವರಿಗೆ ಇದು ಸರಿ. ಇದೊಂದಕ್ಕೇ ಊರಿಂದ ಹೋಗುವುದು ದಂಡ.

ಉಳಿದವು

ಹುಬ್ಬಳ್ಳಿ-ಧಾರವಾಡ ಎಂದರೆ ಶಿರಸಿ, ಯಲ್ಲಾಪುರ, ಹಳಿಯಾಳದವರಿಗೆ ಹತ್ತಿರ. ಕಾಲೇಜು ಫೆಸ್ಟ್‌ಗಳು, ಸಿನಿಮಾದವರ ಕಾರ್ಯಕ್ರಮಗಳು ನಡೆಯುತ್ತಿರುತ್ತವೆ. ಫೆಸ್ಟ್‌ಗಳಿಗೆ ಕಾಲೇಜಿನ ಐಡಿ ಕೇಳುತ್ತಾರೆ, ಅಲ್ಲಿ ಓದುವ ಗೆಳೆಯ ಇದ್ದರೆ ರಾತ್ರಿ ಉಳಿಯುವ ಚಿಂತೆಯೂ ಇಲ್ಲ. ಗೋಕರ್ಣದ ಕುಡ್ಲೆ ಬೀಚ್ ಕಡೆಯ ಕೆಫೆಗಳಲ್ಲಿ ಸೀಸನ್ನಿನಲ್ಲಿ ಗಿಟಾರ್ ಹಿಡಿದು ಹಾಡುವವರು ಸಿಗುತ್ತಾರೆ. ಚೆನ್ನಾಗಿರುತ್ತದೆ, ಆದರೆ ನೀವು ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ. ಮಂಡಿನೋವು ಇರುವ ಅಪ್ಪ ಅಮ್ಮನಿಗೂ ದೊಡ್ಡ ಕಾರ್ಯಕ್ರಮ ತೋರಿಸಬೇಕು ಅಂದರೆ ನಿಲ್ಲುವ ಶೋ ಬಿಡಿ. ಮೂಡುಬಿದಿರೆಯ ಆಳ್ವಾಸ್ ವಿರಾಸತ್‌ಗೆ ಕರೆದುಕೊಂಡು ಹೋಗಿ, ಕೂತು ನೋಡಬಹುದು, ಪ್ರವೇಶವೂ ಉಚಿತ.

ಫ್ಯಾನ್ ಪಿಟ್ಟೋ, ಜನರಲ್ಲೋ?

ಟಿಕೆಟ್ ಶೋಗಳಲ್ಲಿ ವೇದಿಕೆಯ ಕೆಳಗಿನ ಜಾಗಕ್ಕೆ ಫ್ಯಾನ್ ಪಿಟ್ ಎನ್ನುತ್ತಾರೆ, ಅದರ ಹಿಂದಿನದು ಜನರಲ್. ದರ ದುಪ್ಪಟ್ಟಾದರೂ ಆಗುತ್ತದೆ. ಮೊದಲ ಸಲಕ್ಕೆ ಜನರಲ್ ಸಾಕು ಎನ್ನುವುದು ನನ್ನ ಖಚಿತ ಅಭಿಪ್ರಾಯ, ದುಡ್ಡು ಇದ್ದರೂ. ಪಿಟ್ಟಿನಲ್ಲಿ ಮುಂದಿನ ಕಂಬಿ ಬೇಕೆಂದರೆ ಮಧ್ಯಾಹ್ನದಿಂದ ಕಾಯಬೇಕು, ಒಮ್ಮೆ ಬಿಟ್ಟರೆ ಜಾಗ ಹೋಯಿತು. ನೀರು, ಶೌಚಾಲಯ ಎಲ್ಲ ಮರೆತ ಹಾಗೆಯೇ.

ಜನರಲ್‌ನಲ್ಲಿ ಒಳ್ಳೆಯ ಜಾಗ ಯಾವುದು ಗೊತ್ತಾ? ಮೈದಾನದ ನಡುವೆ ಕಬ್ಬಿಣದ ಪೈಪು ಕಟ್ಟಿ, ಮೇಲೆ ಟಾರ್ಪಾಲು ಹಾಕಿದ ಗೂಡೊಂದು ಇರುತ್ತದೆ. ಒಳಗೆ ಸೌಂಡಿನವರು ಮಿಕ್ಸರ್ ಮುಂದೆ ನಿಂತಿರುತ್ತಾರೆ. ಅವರು ತಮ್ಮ ಕಿವಿಗೆ ಸರಿಯಾಗುವ ಹಾಗೆ ಸೌಂಡ್ ಹೊಂದಿಸುತ್ತಾರೆ, ಹಾಗಾಗಿ ಅವರ ಮುಂದೆ ನಿಂತವರಿಗೆ ಕೇಳುವುದೇ ಸರಿಯಾದ ಸೌಂಡ್. ಜೊತೆಗೆ ಗೂಡಿನ ಸುತ್ತ ಕಂಬಿ ಇರುತ್ತದೆ, ಬೆನ್ನು ಕೊಟ್ಟು ಒರಗಬಹುದು, ಹಿಂದಿನಿಂದ ಯಾರೂ ತಳ್ಳುವುದಿಲ್ಲ. ತೀರ ಹಿಂದೆ ಹೋದರೆ ಮಾತ್ರ ಮಜಾ ಇಲ್ಲ. ಶಬ್ದ ಸೆಕೆಂಡಿಗೆ 340 ಮೀಟರ್ ಅಷ್ಟೇ ಹೋಗುವುದು. 170 ಮೀಟರ್ ದೂರ ನಿಂತರೆ ಪರದೆಯ ಮೇಲೆ ಡ್ರಮ್ಮಿಗೆ ಪೆಟ್ಟು ಬಿದ್ದು ಅರ್ಧ ಸೆಕೆಂಡ್ ಆದ ಮೇಲೆ ವೇದಿಕೆಯ ಸದ್ದು ಕಿವಿಗೆ ಬರುತ್ತದೆ.

ಸ್ಪೀಕರ್ ಗೋಪುರದ ಬುಡದಲ್ಲಂತೂ ನಿಲ್ಲಲೇಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಕಾರ್ಯಕ್ರಮಗಳಿಗೆ ಹೇಳಿರುವ ಮಿತಿ ಸರಾಸರಿ 100 ಡೆಸಿಬಲ್. ಅದನ್ನು ಅಳೆಯುವವರು ಯಾರು? ಮೆಡಿಕಲ್ ಶಾಪಿನಲ್ಲಿ ಸ್ಪಂಜಿನ ಇಯರ್‌ಪ್ಲಗ್ ಚಿಲ್ಲರೆ ದುಡ್ಡಿಗೆ ಸಿಗುತ್ತದೆ, ಇಟ್ಟುಕೊಳ್ಳಿ. ಹಾಡು ಕೇಳುತ್ತದೆ, ಮಾರನೇ ದಿನ ಕಿವಿ ಗುಂಯ್ ಅನ್ನುವುದಿಲ್ಲ.

ಜನರ ನಡುವೆ

ಉಚಿತ ಕಾರ್ಯಕ್ರಮ ಸುರಕ್ಷಿತ, ಟಿಕೆಟ್ ಶೋ ಅಪಾಯ ಎಂಬ ಮಾತು ಹಿರಿಯರ ಬಾಯಲ್ಲಿ ಬರುತ್ತದೆ. ಹಾಗೇನಿಲ್ಲ. 2023ರ ನವೆಂಬರ್ 25ರಂದು ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದಲ್ಲಿ ನಾಲ್ವರು ಕಾಲ್ತುಳಿತದಲ್ಲಿ ಸತ್ತದ್ದು ಕಾಲೇಜು ಹಬ್ಬದ ಸಂಗೀತ ಸಂಜೆಗೆ ಮೊದಲು. ಮಳೆ ಬಂತು, ಹೊರಗಿದ್ದವರು ಒಳಗೆ ನುಗ್ಗಿದರು. ನಮ್ಮ ಕಡಲತೀರಕ್ಕೆ ಗೇಟಿಲ್ಲದ್ದು ದೊಡ್ಡ ಪುಣ್ಯ ಎಂದು ನಾನು ಹೇಳುವುದು ಇದಕ್ಕೇ.

ತೇರಿನ ಹಗ್ಗದ ಹತ್ತಿರ ಒಮ್ಮೆ ಸಿಕ್ಕಿಕೊಂಡವರಿಗೆ ಗೊತ್ತಿರುತ್ತದೆ: ನಾವು ನಡೆಯುತ್ತಿಲ್ಲ, ಜನ ನಮ್ಮನ್ನು ನಡೆಸುತ್ತಿದ್ದಾರೆ ಅನ್ನಿಸುವ ಗಳಿಗೆ ಬಂದರೆ ಅದು ಜಾಸ್ತಿಯಾಯಿತು. ಆಗ ಎರಡೂ ಕೈ ಮಡಚಿ ಎದೆಯ ಮುಂದೆ ಇಟ್ಟುಕೊಳ್ಳಿ, ಉಸಿರಿಗೆ ಜಾಗ ಇರುತ್ತದೆ. ಎದುರು ಈಜಬೇಡಿ. ತಳ್ಳಾಟ ನಿಂತ ಗಳಿಗೆಯಲ್ಲಿ ಓರೆಯಾಗಿ ಅಂಚಿನ ಕಡೆ ಸರಿಯಿರಿ. ಬಿದ್ದದ್ದು ಹತ್ತು ಸಾವಿರದ ಫೋನೇ ಆಗಿರಲಿ, ಬಗ್ಗಬೇಡಿ. ಹೆಣ್ಣುಮಕ್ಕಳು ಗುಂಪಾಗಿ ಹೋದರೆ ನಡುವಿಗಿಂತ ಅಂಚೇ ಮೇಲು, ಹೊರಗೆ ಬರುವ ದಾರಿ ಕಾಣುತ್ತಿರಬೇಕು. ತೊಂದರೆ ಕೊಟ್ಟವನ ಬಗ್ಗೆ ಅಲ್ಲೇ ಬೌನ್ಸರ್‌ಗೋ ಪೊಲೀಸರಿಗೋ ಹೇಳಿ, ಇಲ್ಲವೇ 112.

ಹಾಗಾದರೆ ಯಾರು ಎಲ್ಲಿಗೆ?

ಗದ್ದಲ ಒಗ್ಗುತ್ತದೋ ಇಲ್ಲವೋ ಗೊತ್ತಿಲ್ಲದವರು, ಕೈಯಲ್ಲಿ ಐನೂರೇ ಇರುವವರು, ಮನೆಯವರ ಜೊತೆ ಹೋಗುವವರು ಕಾರವಾರ ಅಥವಾ ಬನವಾಸಿ. ಕಾರವಾರ, ಅಂಕೋಲಾದ ಕಡೆಯವರು, ಒಂದು ರಾತ್ರಿ ಉಳಿಯಬಲ್ಲವರು ಪಣಜಿ. ಒಬ್ಬನೇ ಒಬ್ಬ ಹಾಡುಗಾರನಿಗಾಗಿ ವರ್ಷಗಟ್ಟಲೆ ಕಾದವರು ಬೇರೇನೂ ಯೋಚಿಸದೆ ಬೆಂಗಳೂರಿನ ಶನಿವಾರದ ಜನರಲ್ ಟಿಕೆಟ್ ತೆಗೆಯಿರಿ, ಮೂರು ರಾತ್ರಿ ಹೋಗುತ್ತದೆ ಎಂದು ಒಪ್ಪಿಕೊಂಡು. ಮಕ್ಕಳನ್ನು ಕಳಿಸುವ ಅಪ್ಪ ಅಮ್ಮ ಕೇಳಬೇಕಾದ್ದು ಹಾಡುಗಾರನ ಹೆಸರನ್ನಲ್ಲ. ವಾಪಸ್ ಟಿಕೆಟ್ ಆಗಿದೆಯಾ, ರೂಮು ಎಲ್ಲಿ, ಜೊತೆಗೆ ಯಾರು ಎಂದು ಕೇಳಿ. ಮೂರಕ್ಕೂ ಉತ್ತರ ಇದ್ದರೆ ಕಳಿಸಿ.

ಬೆಂಗಳೂರು, ಗೋವೆಗೆ ಹೊರಟವರು ಟಿಕೆಟ್ಟಿನಲ್ಲಿ ಬರೆದ ಷರತ್ತನ್ನು ಓದಿಕೊಂಡು ಹೋಗಿ. ನೀರಿನ ಬಾಟಲಿ, ಕೊಡೆ, ದೊಡ್ಡ ಬ್ಯಾಗ್ ಹೆಚ್ಚಿನ ಕಡೆ ಒಳಗೆ ಬಿಡುವುದಿಲ್ಲ. ಇಷ್ಟು ವಯಸ್ಸಾಗಿರಬೇಕು ಎಂಬ ನಿಯಮ ಇದ್ದರೆ ಗುರುತಿನ ಚೀಟಿ ಕೇಳುತ್ತಾರೆ. ಅಷ್ಟು ಜನ ಸೇರಿದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಯುಪಿಐ ತಿರುಗುತ್ತಾ ಕೂರುತ್ತದೆ. ಇನ್ನೂರು ಮುನ್ನೂರು ರೂಪಾಯಿ ನಗದು ಇರಲಿ, ಟಿಕೆಟ್‌ನ ಕ್ಯೂಆರ್ ಕೋಡನ್ನು ಗೇಟಿಗೆ ಬರುವ ಮೊದಲೇ ತೆರೆದಿಟ್ಟುಕೊಳ್ಳಿ. ಕೆಲವು ಆ್ಯಪ್‌ಗಳಲ್ಲಿ ಕೋಡ್ ಆಗಾಗ ಬದಲಾಗುತ್ತದೆ, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಸೋಲ್ಡ್ ಔಟ್ ಆದ ಮೇಲೆ ಇನ್‌ಸ್ಟಾಗ್ರಾಂನಲ್ಲಿ ಯಾರೋ "ಎರಡು ಎಕ್ಸ್‌ಟ್ರಾ ಇದೆ" ಎಂದು ಸ್ಕ್ರೀನ್‌ಶಾಟ್ ಕಳಿಸಿದರೆ ದುಡ್ಡು ಹಾಕಬೇಡಿ, ಅದೇ ಕೋಡನ್ನು ಅವನು ಇನ್ನೂ ಹತ್ತು ಜನಕ್ಕೆ ಮಾರಿರಬಹುದು.